ಹಜಾರದ ಹಳದಿ ಗೆರೆ

ಓಲ್ಗೀನ್
14 ಮಾರ್ಚ್ 2010, ಭಾನುವಾರ, ಮಧ್ಯಾಹ್ನದ ಊಟದ ನಂತರ

ಅಮ್ಮಾ, ನಿನ್ನ ದಯಾಮಿಯಿಂದ ಬಿಗಿಯಾದ ಒಂದು ಅಪ್ಪುಗೆ, ಎರಡು ಕೆನ್ನೆಗೂ ಮುತ್ತು.

ಹೇಗಿದ್ದೀಯ? ಬೊಲಿವಿಯಾದಲ್ಲಿ, ಆ ಕೊಚಬಂಬಾದ ಎತ್ತರಕ್ಕೆ ಉಸಿರು ಒಗ್ಗಿತೇ? ತಲೆನೋವು ಕಡಿಮೆಯಾಯಿತೇ? ಬೆಳಗಿನ ಜಾವ ಮೀನಖಂಡ ಸೆಟೆದುಕೊಂಡು ಎದ್ದು ಕೂರುವುದು ಈಗಲೂ ಇದೆಯೇ? ಅದು ದಿನವಿಡೀ ನಿಂತು ಕೆಲಸ ಮಾಡುವವರ ನೋವು ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ರಜೆಗೆ ಬಂದಿರುವ ನಿನ್ನ ಜೊತೆಗಾತಿ ಲಿಸೇನಿಯಾ ಹೇಳುವುದು ಬೇರೆ. ಅಲ್ಲಿ ನಿನ್ನನ್ನು ಕರೆಂಟಿನ ಯಂತ್ರಗಳ ಕೋಣೆಯಲ್ಲಿ ಕೂರಿಸಿದ್ದಾರಂತೆ. ಗಣಿಯಲ್ಲಿ ಬೆನ್ನು ಮುರಿದುಕೊಂಡವರಿಗೆ ತಂತಿ ಅಂಟಿಸಿ ಗುಂಡಿ ಒತ್ತುವುದಷ್ಟೇ ಕೆಲಸವಂತೆ. ಇಲ್ಲಿನ ನಿನ್ನ ಚಿಕಿತ್ಸಾಲಯದ ಹಾಗೆ ನಡೆಸಬೇಕಾದವರಿಲ್ಲ, ಬೀಳುವವರಿಲ್ಲ, ಹಿಡಿಯಲು ಓಡಬೇಕಾಗಿಲ್ಲ. "ನಿಮ್ಮಮ್ಮಂಗೆ ಅಲ್ಲಿ ರಾಣಿ ಕೆಲ್ಸ ಕಣೇ, ಬೆಳಿಗ್ಗೆ ಕೂತ್ರೆ ಸಂಜೆ ಏಳೋದು" ಎಂದಳು. ಅವಳ ರಜೆ ಮುಗಿಯಿತು, ಮಂಗಳವಾರದ ವಿಮಾನ. ಈ ಕಾಗದವನ್ನೂ ಗಂಟನ್ನೂ ತೆಗೆದುಕೊಂಡು ಹೋಗಲು ಸಂಜೆ ಬರುತ್ತಾಳೆ. ಗಂಟಿನಲ್ಲಿ ಕಾಫಿಪುಡಿ ಇದೆ, ಪೇರಲ ಹಣ್ಣಿನ ಹಲ್ವದ ಎರಡು ಅಚ್ಚು ಇವೆ. ಅಡಿಯಲ್ಲಿ ಹಳೆಯ ಟವೆಲ್‌ನಲ್ಲಿ ಸುತ್ತಿಟ್ಟದ್ದನ್ನು ಈ ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು. ಮೊದಲೇ ಬಿಚ್ಚಬೇಡ, ದಯವಿಟ್ಟು.

ಅಜ್ಜನ ಸುದ್ದಿ ಮೊದಲು, ನೀನು ಹುಡುಕುವುದು ಅದನ್ನೇ. ಬದುಕಿದ್ದಾನೆ, ನಡೆಯುತ್ತಿದ್ದಾನೆ, ನಿನ್ನನ್ನು ಬೈಯುತ್ತಿದ್ದಾನೆ. ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿ ಹೋದ ಹಾಳೆಯಲ್ಲಿರುವ ಹದಿನಾಲ್ಕು ವ್ಯಾಯಾಮವನ್ನೂ ದಿನವೂ ಮಾಡಿಸುತ್ತಿದ್ದೇನೆ. ಕಪ್ಪು ಅವರೆಯ ನೂರು ಕಾಳನ್ನು ಒಂದೊಂದಾಗಿ ಬಾಟಲಿಗೆ ಹಾಕುವುದಕ್ಕೆ ಈಗ ಒಂದು ಗಂಟೆ ಹತ್ತು ನಿಮಿಷ ಬೇಕು. ಕೈ ಗುರಿ ತಪ್ಪಿ ಬಾಟಲಿ ಉರುಳಿದರೆ ಎಲ್ಲವನ್ನೂ ಸುರಿದು ಮೊದಲಿನಿಂದ, ನೀನು ಬರೆದ ಹಾಗೆಯೇ. ತುತ್ತು ಬಾಯಿಗೆ ಹೋದ ಮೇಲೆ "ಗದ್ದ ಕೆಳಗೆ, ಈಗ ನುಂಗು" ಎಂದು ಹೇಳದಿದ್ದರೆ ಕೆಮ್ಮಿ ಮುಖ ನೀಲಿಯಾಗುತ್ತದೆ, ಹಾಗಾಗಿ ನನ್ನ ತಟ್ಟೆ ತಣ್ಣಗಾದ ಮೇಲೆಯೇ ನಾನು ಉಣ್ಣುವುದು. ಮಾತು ಇನ್ನೂ ಒಡೆದಿದೆ. ಒಂದೊಂದು ಅಕ್ಷರವನ್ನೂ ಬಾವಿಯಿಂದ ಸೇದಿದ ಹಾಗೆ ತೆಗೆಯುತ್ತಾನೆ. ಅವನ ಮಾತನ್ನು ನಾನಿಲ್ಲಿ ಕೂಡಿಸಿ ಬರೆಯುತ್ತೇನೆ, ನೀನು ನಿಧಾನವಾಗಿ ಓದಿಕೋ. ಕಳೆದ ತಿಂಗಳು ಹಾಳೆಯನ್ನು ತೋರಿಸಿ ಹೇಳಿದ: "ನಿಮ್ಮಮ್ಮ ಅಷ್ಟು ದೂರದಿಂದ್ಲೂ ಹೊಡೀತಾಳಲ್ಲ, ಕೈ ಎಷ್ಟುದ್ದ ಅವ್ಳಿಗೆ."

ಗೆರೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಹೊರಡುವ ಹಿಂದಿನ ದಿನ ನೀನು ಹಜಾರದ ನೆಲಕ್ಕೆ ಮೊಣಕಾಲೂರಿ ಎಳೆದ ಆರು ಮೀಟರಿನ ಹಳದಿ ಗೆರೆ ಅಜ್ಜನ ಕಾಲಿಗೆ ಸವೆದು ಅರ್ಧ ಮಾಯವಾಗಿತ್ತು. ಹಿಮ್ಮಡಿಗೆ ಬೆರಳು ತಾಗಿಸಿ ಆ ತುದಿಗೆ ಹೋಗಲು ಅವನಿಗೆ ಇಪ್ಪತ್ತೊಂದು ಹೆಜ್ಜೆ. ಜನವರಿಯಲ್ಲಿ ಒಂದು ದಿನ ಹತ್ತೊಂಬತ್ತನೆಯದರಲ್ಲಿ ಬಿದ್ದ. ಇನ್ನು ಎರಡೇ ಇದ್ದವು. ಎತ್ತಿ ನಿಲ್ಲಿಸಿದೆ, ಚಡ್ಡಿ ಒದ್ದೆಯಾಗಿತ್ತು, ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಆಗ ನನ್ನ ಬಾಯಿಂದ "ಮೊದಲಿನಿಂದ" ಎಂದು ಬಂತು. ದನಿ ನಿನ್ನದು. ಅವನು ನನ್ನನ್ನು ನೋಡಲಿಲ್ಲ. ಒದ್ದೆ ಚಡ್ಡಿಯಲ್ಲೇ ಮೊದಲ ಹೆಜ್ಜೆಯಿಂದ ಇಪ್ಪತ್ತೊಂದನ್ನೂ ನಡೆದ. ಅವನು ಇನ್ನೂ ಹಾಸಿಗೆ ಹಿಡಿಯದೆ ಇರುವುದು ಇದರಿಂದಲೇ ಎಂದು ನನಗೆ ಗೊತ್ತು. ಸಕ್ಕರೆ ಕಾರ್ಖಾನೆಯ ರೈಲು ಓಡಿಸುತ್ತಿದ್ದವನನ್ನು, ನಡೆಯುವಾಗ ತೂರಾಡುತ್ತಾನೆ, ಕುಡುಕನೆಂದು ಮನೆಗೆ ಕಳಿಸಿದಾಗ ಅವನಿಗೆ ಐವತ್ತೆರಡು, ಈಗ ಎಪ್ಪತ್ತೊಂದು. ಅವನ ಜೊತೆ ಅಟಾಕ್ಸಿಯಾ, ಈ ತೂರಾಡಿಸುವ ರೋಗ, ಶುರುವಾದವರಲ್ಲಿ ಯಾರೂ ಉಳಿದಿಲ್ಲ. ಇಷ್ಟಾದರೂ ಆ ದಿನ ರಾತ್ರಿಯೂಟಕ್ಕೆ ಅವನ ಎದುರು ಕೂರಲು ನನಗೆ ಆಗಲಿಲ್ಲ.

ಇನ್ನು ನನ್ನ ಸುದ್ದಿ. ಗ್ರಂಥಾಲಯದ ಕೆಲಸ ಹಾಗೆಯೇ ಇದೆ, ಓದುವ ಮೇಜಿನ ಎದುರು ಕೂತು ಓದುವವರನ್ನು ನೋಡುವುದು. ಓಸ್ಮೆಲ್ ವಿಷಯ ನಿನಗೆ ಬರೆದಿದ್ದೆನಲ್ಲ, ಹೀಬಾರಾದ ಕಡೆಯ ಹುಡುಗ, ದೋಣಿಯ ಎಂಜಿನ್ ರಿಪೇರಿ ಮಾಡುವವನು. ನವೆಂಬರಿನಲ್ಲಿ ಅವನ ತಾಯಿ ಓರ್ತೆನ್ಸಿಯಾ ನಮ್ಮ ಮನೆಗೆ ಬಂದರು. ಈ ರೋಗ ರಕ್ತದಲ್ಲಿ ಇಳಿದು ಬರುವ ನಮ್ಮ ಮನೆತನದ ಹೆಸರು ಅವರಿಗೆ ಗೊತ್ತಿತ್ತು, ಈ ಪ್ರಾಂತ್ಯದಲ್ಲಿ ಯಾರಿಗೆ ಗೊತ್ತಿಲ್ಲ. ಜೊತೆಗೆ ಇಬ್ಬರು ಚಿಕ್ಕಮ್ಮಂದಿರು, ಒಬ್ಬ ಸೋದರಮಾವ, ಓಸ್ಮೆಲ್. ಎಲ್ಲರೂ ಹಜಾರದ ಆ ತುದಿಯ ಕುರ್ಚಿಗಳಲ್ಲೇ ಕೂತರು, ಅಡುಗೆಮನೆಯಿಂದ ಎಷ್ಟು ದೂರವೋ ಅಷ್ಟು ದೂರ. ಕಾಫಿ ತರುತ್ತೀಯಾ ಮಗಳೇ ಎಂದಾಗ ಅರ್ಥವಾಯಿತು. ನಿನ್ನನ್ನೂ ಅಪ್ಪನ ಮನೆಯವರು ಹೀಗೆಯೇ ನಡೆಸಿ ನೋಡಿದ್ದರಂತೆ, ಅಜ್ಜಿ ಹೇಳುತ್ತಿದ್ದಳು. ಐದು ಬಟ್ಟಲು, ಅಂಚಿನವರೆಗೆ ತುಂಬಿದ್ದು, ಜಾರುವ ತಗಡಿನ ತಟ್ಟೆ. ನಾನು ಬೇಕೆಂದೇ ನಿನ್ನ ಗೆರೆಯ ಮೇಲೆಯೇ ನಡೆದು ಹೋದೆ. ಒಂದು ಹನಿ ಚೆಲ್ಲಲಿಲ್ಲ. ಓರ್ತೆನ್ಸಿಯಾ ಬಟ್ಟಲು ಎತ್ತಿಕೊಂಡು ಅದರ ತಳವನ್ನು ಒರೆಸಿ ನೋಡಿದರು. ಆಮೇಲೆ ಬಹಳ ಮೃದುವಾಗಿ, "ಕೈ ಚೆನ್ನಾಗಿದೆ ತಾಯಿ. ಕಾಗ್ದ ಇದ್ರೆ ಇನ್ನೂ ಚೆನ್ನಾಗಿರ್ತದೆ" ಎಂದರು.

ಅದಕ್ಕೇ ರೋಗ ನನಗೂ ಇಳಿದಿದೆಯೇ ಎಂಬ ಪರೀಕ್ಷೆಗೆ ರಕ್ತ ಕೊಟ್ಟೆ. ನಿನಗೆ ತಿಳಿಸದೆ ಕೊಟ್ಟೆ, ಕ್ಷಮಿಸು. ಮನಶ್ಶಾಸ್ತ್ರದ ಡಾಕ್ಟರು ಮೂರು ಸಲ ಕೂರಿಸಿಕೊಂಡು ಮಾತಾಡಿಸಿದರು. ಫಲಿತಾಂಶ ಬಂದರೆ ಮೊದಲು ಯಾರಿಗೆ ಹೇಳುತ್ತೀಯ ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ಜನವರಿ ಇಪ್ಪತ್ತೊಂಬತ್ತರಂದು ಕರೆದು ಹೇಳಿದರು. ನನಗೆ ಇಲ್ಲ ಅಮ್ಮಾ. ಈ ಸಾಲನ್ನು ಎರಡು ಸಲ ಓದಿಕೋ, ನಾನೂ ಆ ಕಾಗದವನ್ನು ಹಾಗೆಯೇ ಓದಿದೆ. ನನಗೆ ಇಲ್ಲ, ನನ್ನಿಂದ ಮುಂದಕ್ಕೂ ಇಲ್ಲ.

ಅಜ್ಜನಿಗೆ ಹೇಳಿದಾಗ ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನ ಎರಡೂ ಕಿವಿ ಹಿಡಿದುಕೊಂಡ, ಕೈ ಹೋಗಿದ್ದು ಕೆನ್ನೆಗೆ ಅಂತ ಕಾಣುತ್ತದೆ. "ಹಾಗಾದ್ರೆ ಇಬ್ರೂ ಪಾರಾದ್ರಿ" ಎಂದ. ನನಗೆ ಇಲ್ಲವೆಂದರೆ ನಿನಗೂ ಇಲ್ಲ ಎಂದು ಅವನ ಲೆಕ್ಕ. ಈ ಬೀದಿಯವರೆಲ್ಲರ ಲೆಕ್ಕವೂ ಅದೇ. ಮಗು ಚೊಕ್ಕವಾದರೆ ತಾಯಿ ಚೊಕ್ಕ. ಚಿಕಿತ್ಸಾಲಯದ ಹೊರಗಿನ ಬೆಂಚಿನ ಮೇಲೆ ಕೂತವರಿಗೆ ನೀನು ಎಷ್ಟು ಸಲ ಬಿಡಿಸಿ ಹೇಳಿದ್ದೀಯ, ತಾಯಿಗೆ ಇದ್ದೂ ಮಗಳಿಗೆ ಬಾರದೆ ಇರಬಹುದು, ಎರಡು ಕಾಳಿನಲ್ಲಿ ಒಂದು ಕೆಟ್ಟದ್ದು, ಮಗಳ ಕೈಗೆ ಒಳ್ಳೆಯದು ಬಂತಷ್ಟೇ ಎಂದು. ನಾನು ಅದನ್ನು ಅಜ್ಜನಿಗೆ ಹೇಳಬೇಕಿತ್ತು. ಅವನ ಮುಖ ನೋಡಿ ಹೇಳಲಿಲ್ಲ. ಮುಂದಿನ ಫೆಬ್ರವರಿಗೆ ನೀನು ಬಂದಾಗ ಕಡಿಯೋಣವೆಂದು ಸಾಕಿದ್ದ ಹಂದಿಯನ್ನು ಅವನು ಆ ವಾರವೇ ಕಡಿಸಿದ. ಬೀದಿಗೆಲ್ಲ ಊಟ. ಎಲ್ಲರಿಗೂ ಕೇಳುವ ಹಾಗೆ, "ನನ್ನ ಜೊತೆ ಇದು ಮುಗೀತು, ನನ್ನನ್ನ ಹೂತ್ರೆ ಇದನ್ನೂ ಹೂತ ಹಾಗೆ" ಎಂದ. ಎಲ್ಲರೂ ಕೈ ತಟ್ಟಿದರು. ನಾನೂ ತಟ್ಟಿದೆ, ಮಾಂಸವನ್ನೂ ತಿಂದೆ. ನೀನು ಯಾವತ್ತೂ ರಕ್ತ ಕೊಟ್ಟಿಲ್ಲ ಎಂಬುದು ನೆನಪಾಗಿದ್ದು ಪಾತ್ರೆ ತೊಳೆಯುವಾಗ. ಇಪ್ಪತ್ತೆರಡು ವರ್ಷ ಉಳಿದವರನ್ನೆಲ್ಲ ಪರೀಕ್ಷೆಗೆ ಕಳಿಸಿದವಳು, ನಿನ್ನನ್ನು ಕೇಳಿದಾಗ, "ದಿನಾ ಗೆರೆ ಮೇಲೆ ನಡೀತೀನಲ್ಲ, ಅದಕ್ಕಿಂತ ಪರೀಕ್ಷೆ ಬೇಕಾ" ಎನ್ನುತ್ತಿದ್ದೆ.

ಲಿಸೇನಿಯಾ ಕೈಯಲ್ಲಿ ನೀನು ಕಳಿಸಿದ ವೀಡಿಯೊ ಡಿಸ್ಕ್ ಹಾಕಿದ್ದು ಹೋದ ಭಾನುವಾರ, ಮಾರ್ಬೆಲಿಸ್ ಮನೆಯಲ್ಲಿ. ನಮ್ಮ ಟೀವಿ ಕೆಟ್ಟಿದೆ. ಅಜ್ಜನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಮಾರ್ಬೆಲಿಸ್, ಅವಳ ತಾಯಿ, ಲಿಸೇನಿಯಾ, ಪಕ್ಕದ ಮನೆಯ ನಾಲ್ಕು ಜನ. ಮಾರ್ಬೆಲಿಸ್‌ಗೆ ಈಗ ಇಪ್ಪತ್ತೇಳು, ಎರಡು ಕೋಲಿನ ಮೇಲೆ ನಡೆಯುತ್ತಾಳೆ. ಅವಳ ಹದಿನೈದನೆಯ ಹುಟ್ಟುಹಬ್ಬದ ದಿನ ನೆನಪಿದೆಯೇ? ನನಗೆ ಹನ್ನೆರಡು, ಗುಲಾಬಿ ಬಣ್ಣದ ಫ್ರಾಕ್ ಹಾಕಿಕೊಂಡು ನಿನ್ನ ಪಕ್ಕ ಕೂತಿದ್ದೆ. ಅವಳು ತಂದೆಯ ಕೈ ಹಿಡಿದು ನರ್ತಿಸುತ್ತ ಮೂರನೆಯ ಸುತ್ತು ತಿರುಗಿದಾಗ ಹೆಜ್ಜೆ ಒಂದಿಷ್ಟು ಓಲಿತು, ನೀನು ಎದ್ದೆ. ಗೋಡೆಯ ಪಕ್ಕದ ಮುದುಕಿಯರೂ ಕಾಲನ್ನೇ ನೋಡುತ್ತಿದ್ದರು, ಆದರೆ ಅವರು ಮನೆಗೆ ಹೋಗಿ ಪಿಸುಗುಡುವವರು. ನೀನು ಸೀದಾ ಕೇಕಿನ ಹತ್ತಿರ ಹೋಗಿ ಅವಳ ತಾಯಿಗೆ ಹೇಳಿದೆ: "ಸೋಮವಾರ ಬೆಳಿಗ್ಗೆ ಏಳೂವರೆಗೆ ಕರ್ಕೊಂಡ್ ಬನ್ನಿ. ರಬ್ಬರ್ ಅಡಿಯ ಬೂಟು ಹಾಕಿಸಿ." ಸಂಗೀತ ಆಗಷ್ಟೇ ನಿಂತಿತ್ತು, ಎಲ್ಲರಿಗೂ ಕೇಳಿಸಿತು. ಬಸ್ಸಿನ ಸಾಲಿನಲ್ಲಿ, ಬ್ರೆಡ್ಡಿನ ಅಂಗಡಿಯಲ್ಲಿ, ಸತ್ತವರ ಮನೆಯಲ್ಲಿ ನೀನು ಹೀಗೆ ಎಷ್ಟು ಜನರಿಗೆ ಹೇಳಿದ್ದೀಯೋ. ನೀನು ಬೀದಿಗೆ ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನಾನು ಅತ್ತಾಗ ನೀನು ಹೇಳಿದ್ದು ಇಷ್ಟು: "ಕಂಡ ದಿನವೇ ಹೇಳ್ಬೇಕು. ಒಂದು ದಿನ ಸುಮ್ನಿದ್ರೆ ಅವರ ಒಂದು ದಿನ ಕದ್ದ ಹಾಗೆ." ಇಪ್ಪತ್ತಕ್ಕೆಲ್ಲ ಗಾಲಿಕುರ್ಚಿ ಎಂದಿದ್ದರು ಡಾಕ್ಟರು. ಅವಳು ಇನ್ನೂ ನಡೆಯುತ್ತಿದ್ದಾಳೆ. ನಿನ್ನ ಹೆಸರು ಎತ್ತಿದರೆ ಈಗಲೂ ಉಗಿಯುತ್ತಾಳೆ.

ಡಿಸ್ಕ್‌ನಲ್ಲಿ ನೀನು ಚೆನ್ನಾಗಿ ಕಂಡೆ, ಸ್ವಲ್ಪ ತೆಳ್ಳಗಾಗಿದ್ದೀಯ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುತ್ತಿತ್ತು. ನೀನು ಒಂದು ಹಾಳೆ ಹಿಡಿದು ಎಲ್ಲರ ಹೆಸರಿನ ಪಟ್ಟಿ ಮಾಡಿಕೊಂಡು ಒಬ್ಬೊಬ್ಬರಿಗೂ ನಮಸ್ಕಾರ ಓದಿದೆ. ಎರಡನೆಯ ಸಾಲಿಗೇ ನಾನು ನೋಡಿದೆ. ದಿನವಿಡೀ ಓದುವವರನ್ನು ನೋಡುವುದೇ ನನ್ನ ಕೆಲಸವಲ್ಲವೇ. ಸಾಲು ಮುಗಿದರೆ ಕಣ್ಣು ಹಾರಿ ಮುಂದಿನ ಸಾಲಿನ ಮೊದಲಿಗೆ ಕೂರುತ್ತದೆ, ಎಷ್ಟು ಬೇಗ ಎಂದರೆ ಹಾರಿದ್ದೇ ಕಾಣುವುದಿಲ್ಲ. ನಿನ್ನದು ಹಾರಲಿಲ್ಲ ಅಮ್ಮಾ. ನಿನ್ನ ತಲೆ ಮೊದಲು ಎಡಕ್ಕೆ ತಿರುಗಿತು, ಕಣ್ಣು ಹಿಂದಿನಿಂದ ಜೇನಿನಲ್ಲಿ ಸಿಕ್ಕ ಇರುವೆಯ ಹಾಗೆ ತೆವಳಿಕೊಂಡು ಬಂತು. ಪ್ರತಿ ಸಾಲಿಗೂ ಹಾಗೆಯೇ. ಅಜ್ಜ ಪತ್ರಿಕೆ ಓದುವುದು ಹೀಗೆ. ಮೊದಲು ಬೆಳಗಿನ ಜಾವ ಮೀನಖಂಡ ಸೆಟೆಯುತ್ತದೆ, ಕಾಲಿಗಿಂತ ಮೊದಲು ಕಣ್ಣು ನಿಧಾನವಾಗುತ್ತದೆ ಎಂದು ನನಗೆ ಕಲಿಸಿದವಳು ನೀನೇ, ಮತ್ತು ನಿನ್ನ ದಯೆಯಿಂದ ಈ ಬೀದಿಗೆಲ್ಲ ಅದು ಗೊತ್ತಿದೆ. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಅಜ್ಜನ ಕಡೆ ತಿರುಗಿದರು. ನೀನು ಮಾತ್ರ ಟೀವಿಯಲ್ಲಿ ನಗುನಗುತ್ತ ಓದುತ್ತಿದ್ದೆ, ಮಾರ್ಬೆಲಿಸ್‌ಗೂ ನಮಸ್ಕಾರ, ಕೋಲು ಬಿಡಬೇಡ ಅಂತ ಹೇಳಿ ಎಂದು.

ಆಗ ಮಾರ್ಬೆಲಿಸ್ ಟೀವಿಯ ಕಡೆ ನೋಡುತ್ತಲೇ, ಆತುರವಿಲ್ಲದೆ, ನಿನ್ನ ದನಿಯಲ್ಲೇ ಹೇಳಿದಳು: "ಸೋಮವಾರ ಬೆಳಿಗ್ಗೆ ಏಳೂವರೆಗೆ ಬಾ. ರಬ್ಬರ್ ಅಡಿಯ ಬೂಟು ಹಾಕ್ಕೋ." ಪಕ್ಕದ ಮನೆಯವರಲ್ಲಿ ಒಬ್ಬರು ನಕ್ಕರು. ಯಾರೆಂದು ನಾನು ಬರೆಯುವುದಿಲ್ಲ. ಅವಳ ತಾಯಿ ಬಾಯಿ ಮುಚ್ಚು ಎಂದರು. ಅವಳು ಮುಚ್ಚಲಿಲ್ಲ. "ನಂಗೆ ಹದಿನೈದಾಗಿತ್ತಮ್ಮ. ಅವ್ಳಿಗೆ ನಲವತ್ತಾರು. ಮೂವತ್ತೊಂದು ವರ್ಷ ಜಾಸ್ತಿ ಸಿಕ್ಕಿದೆ, ಇನ್ನೇನು ಬೇಕಂತೆ." ಲಿಸೇನಿಯಾ ಮುಖ ಬಿಳಿಚಿಕೊಂಡಿತ್ತು. ಒಂದು ವರ್ಷದಿಂದ ನಿನ್ನ ಪಕ್ಕದ ಮಂಚದಲ್ಲಿ ಮಲಗುವವಳು ಅವಳು, ಅವಳಿಗೂ ಕಂಡಿರಲಿಲ್ಲ. ನೀವಿಬ್ಬರೂ ಅಲ್ಲಿ ಕೂತೇ ಇರುತ್ತೀರಿ. ಅಜ್ಜ ಇಷ್ಟೇ ಹೇಳಿದ: "ಇನ್ನೊಂದ್ ಸಲ ಹಾಕು." ಮತ್ತೆ ಹಾಕಿದರು. ಮೂರು ಸಲ ನೋಡಿದ. ಮೂರನೆಯ ಸಲ ಅವನ ತಲೆಯೂ ನಿನ್ನ ತಲೆಯ ಜೊತೆ ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು.

ಈ ಎಂಟು ದಿನ ನಾನು ಯೋಚಿಸಿದ್ದು ಒಂದೇ. ಇಪ್ಪತ್ತೆರಡು ವರ್ಷ, ಬೆಳಗ್ಗೆ ಏಳೂವರೆಯಿಂದ ಮಧ್ಯಾಹ್ನದವರೆಗೆ, ನೀನು ನಿನ್ನ ರೋಗಿಗಳ ಎದುರಿಗೆ ಕೈ ಚಾಚಿಕೊಂಡು ಗೆರೆಯ ಮೇಲೆ ಹಿಂದು ಹಿಂದಕ್ಕೆ ನಡೆದೆ. ಅವರು ಚೆಂಡು ಎಸೆದರು, ನೀನು ಹಿಡಿದೆ. ಅವರು ಒಂದು ಕಾಲಿನಲ್ಲಿ ನಿಂತರು, ತೋರಿಸಲು ನೀನು ಮೊದಲು ನಿಂತೆ. ಅವರನ್ನು ನಡೆಸುತ್ತಿದ್ದೇನೆ ಎಂದು ನೀನು ತಿಳಿದಿದ್ದೆ, ಅವರು ನಿನ್ನನ್ನು ನಡೆಸುತ್ತಿದ್ದರು. ಯಾರ ಮಗುವಿನಲ್ಲಿ ಏನಿದೆ ಎಂದು ಕೇಕಿನ ಹತ್ತಿರ ನಿಂತು ಹೇಳುವ ನಿನ್ನ ಕಾಲುಗಳನ್ನು ಅವರ ಬೆವರೇ ನೇರವಾಗಿ ಇಟ್ಟಿತ್ತು. ಈಗ ಒಂದು ವರ್ಷದಿಂದ ಕುರ್ಚಿಯಲ್ಲಿ ಕೂತಿದ್ದೀಯ. ಒಂದನ್ನು ಮಾತ್ರ ಕೇಳಬೇಕು, ಬೇಸರಪಡಬೇಡ. ಇದು ನಿನಗೆ ಗೊತ್ತಿರಲೇ ಇಲ್ಲವೇ? ಅಥವಾ ಗೊತ್ತಾಗಿಯೇ, ನಿನ್ನನ್ನು ದಿನವೂ ನೋಡುವ ಕಣ್ಣುಗಳಿಂದ ದೂರ ಇರಲು ಬೊಲಿವಿಯಾಕ್ಕೆ ಹೋಗುವ ವೈದ್ಯಕೀಯ ತಂಡಕ್ಕೆ ಹೆಸರು ಕೊಟ್ಟೆಯಾ? ಉತ್ತರ ಬರೆಯದಿದ್ದರೂ ಸರಿ.

ಸೋಮವಾರ ಅಜ್ಜ ಹೇಳಿಸಿಕೊಳ್ಳದೆ ತಾನೇ ಎದ್ದು ಗೆರೆಗೆ ಬಂದ. ಇಪ್ಪತ್ತೊಂದನ್ನೂ ಬೀಳದೆ ನಡೆದ. ಆ ತುದಿಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ, ಬಹಳ ಹೊತ್ತು ಹಿಡಿಯಿತು ಹೇಳಲು: "ಈ ಗೆರೆ ಕೆರೆದ್ ಹಾಕು ಪುಟ್ಟೀ, ಅವಳು ಬರೋದ್ರೊಳಗೆ. ಅವ್ಳಿಗೆ ಹೇಳ್ಬೇಡ. ಇನ್ನೂ ಹನ್ನೊಂದು ತಿಂಗಳಿದೆ, ಸುಖವಾಗಿ ಕೂತಿರ್ಲಿ. ಬಂದ್ಮೇಲೂ ಬಿದ್ರೆ ಬೀಳ್ಲಿ. ನನ್ನನ್ನ ನಡೆಸಿದ ಹಾಗೆ ಅವ್ಳನ್ನ ನಡೆಸ್ಬೇಡ." ನಾನು ಆಗಲಿ ಎಂದೆ. ಅವನು ನನ್ನಿಂದ ಮಾತು ತೆಗೆದುಕೊಂಡ, ಕೈ ಮೇಲೆ ಕೈ ಇಡಿಸಿದ. ನನ್ನ ಕೈ ಸಿಗುವವರೆಗೆ ಗಾಳಿಯಲ್ಲಿ ಮೂರು ಸಲ ತಡಕಾಡಿದ.

ಹಾಗಾಗಿ ನೀನು ಈ ಕಾಗದ ಓದುವ ಹೊತ್ತಿಗೆ ನಾನು ಅವನಿಗೆ ಕೊಟ್ಟ ಮಾತು ಮುರಿದಿರುತ್ತದೆ. ಕಂಡ ದಿನವೇ ಹೇಳಬೇಕೆಂಬ ನಿನ್ನ ಮಾತನ್ನೂ ಎಂಟು ದಿನದಿಂದ ಮುರಿದಿದ್ದೇನೆ. ನೀನಾಗಿದ್ದರೆ ಕೇಕ್ ಕತ್ತರಿಸುವವರೆಗೂ ಕಾಯುತ್ತಿರಲಿಲ್ಲ. ನಾನು ಅಂಜುಬುರುಕಿ, ಎದುರಿಗೆ ನಿಂತು ಹೇಳಲಾರೆ, ಹೀಗೆ ಮೂರು ಸಾವಿರ ಮೈಲಿ ದೂರದಿಂದ ಬರೆಯಬಲ್ಲೆ. ಜನವರಿ ಇಪ್ಪತ್ತೊಂಬತ್ತರಿಂದ ಮಾರ್ಚ್ ಏಳರವರೆಗೆ, ಮೂವತ್ತೇಳು ದಿನ ನಾನು ಈ ರೋಗದ ಹಂಗಿಲ್ಲದವಳಾಗಿದ್ದೆ. ಅಷ್ಟು ಹಗುರ ನಾನು ಯಾವತ್ತೂ ಇರಲಿಲ್ಲ. ಓರ್ತೆನ್ಸಿಯಾ ನಾನು ಕೊಟ್ಟ ಕಾಗದವನ್ನು ಮಡಿಸಿ ತಮ್ಮ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ, ನೀನು ಬಂದ ಮೇಲೆ ಮದುವೆ, ಆಮೇಲೆ ಹೀಬಾರಾದಲ್ಲಿ ಸಮುದ್ರದ ಎದುರಿನ ಮನೆ ಎಂದಿದ್ದಾರೆ. ಡಿಸ್ಕಿನ ಸುದ್ದಿ ಅವರಿಗಿನ್ನೂ ಮುಟ್ಟಿಲ್ಲ.

ಅಜ್ಜ ಕಿಟಕಿಯ ಹತ್ತಿರ ತೂಕಡಿಸುತ್ತಿದ್ದಾನೆ. ಮುಂದಿನ ಕಾಗದದಲ್ಲಿ, ಹಂದಿಯ ಒಂದು ತೊಡೆ ನಿನ್ನ ಹೆಸರಿನಲ್ಲಿ ತಾನೇ ತಿಂದೆ ಎಂದು ಬರೆಯಲು ಮೊನ್ನೆ ಹೇಳಿದ್ದ, ಬರೆದಿದ್ದೇನೆ. ನಿನ್ನ ಸಹೋದ್ಯೋಗಿಗಳಿಗೆಲ್ಲ ನನ್ನ ನೆನಪು ಹೇಳು. ಬೆಚ್ಚಗೆ ಹೊದ್ದುಕೋ. ಊಟ ಮಾಡುವಾಗ ಅವಸರ ಮಾಡಬೇಡ.

ಇಂದಿಗೂ ನಿನ್ನನ್ನು ಕಂಡರೆ ಹೆದರುವ, ನಿನ್ನ ಮಗಳು
ದಯಾಮಿ

ಮರೆತಿದ್ದು: ಲಿಸೇನಿಯಾ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಗೆರೆಯನ್ನು ಕೆರೆಯಲಿಲ್ಲ. ನಿನ್ನೆ ಅಜ್ಜ ಸ್ನಾನಕ್ಕೆ ಕೂತಿದ್ದಾಗ ಹೊಸ ಬಣ್ಣ ಬಳಿದೆ, ಅದೇ ಹಳದಿ. ಅವನು ಬಂದು ನೋಡಿದ, ಆಗಿನಿಂದ ನನ್ನೊಡನೆ ಮಾತಾಡಿಲ್ಲ. ಓಸ್ಮೆಲ್‌ಗೆ ಈ ವಾರ ಹೇಳುತ್ತೇನೆ, ಹೀಬಾರಾದ ಮನೆಗೆ ನಾನು ಬರುವುದಿಲ್ಲ ಎಂದು. ನೀನು ಬಂದ ಮೇಲೆ ಈ ಗೆರೆಯ ಮೇಲೆ ನಿನ್ನ ಎದುರು ನಿಲ್ಲಬೇಕಾದವಳು ನಾನು. ಇನ್ನು ಟವೆಲ್ ಬಿಚ್ಚು. ಮಂಚದ ಕೆಳಗೆ ಬಿಟ್ಟುಹೋಗಿದ್ದ ನಿನ್ನ ಕೆಲಸದ ಬೂಟು, ರಬ್ಬರ್ ಅಡಿಯದು. ಕಳಿಸುವ ಮೊದಲು ಅದನ್ನೇ ಗೆರೆಯ ಮೇಲೆ ಹಿಮ್ಮಡಿಗೆ ತುದಿ ಸೇರಿಸಿ ಇಡುತ್ತ ಹೋಗಿ ಅಳೆದೆ. ನಿನ್ನ ಪಾದ ಅಜ್ಜನದಕ್ಕಿಂತ ಚಿಕ್ಕದು. ನಿನಗೆ ಇಪ್ಪತ್ತಾರು ಹೆಜ್ಜೆ. ಯಂತ್ರಗಳ ಕೋಣೆಯ ನೆಲಕ್ಕೆ ಸೀಮೆಸುಣ್ಣದಲ್ಲಿ ಆರು ಮೀಟರ್ ಗೆರೆ ಎಳೆದುಕೋ. ಲಿಸೇನಿಯಾ ಎದುರು ನಿಲ್ಲುತ್ತಾಳೆ, ಒಪ್ಪಿದ್ದಾಳೆ. ಸೋಮವಾರ ಬೆಳಿಗ್ಗೆ ಏಳೂವರೆಗೆ ಶುರುಮಾಡು. ಬಿದ್ದರೆ ಮೊದಲಿನಿಂದ.